ಶಾಸನದ ಕಲ್ಲು ಯಾವುದರಿಂದ ಆಗಿದೆ? ಖನಿಜಗಳು ಮತ್ತು ಅವುಗಳ ವರ್ಗೀಕರಣ

ವಿಜಯನಗರ ಕಾಲದ ದಾನಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಅಷ್ಟಭೋಗ ತೇಜಸ್ವಾಮ್ಯದ ಪಟ್ಟಿ ಬಾಯಿಪಾಠವೇ ಆಗಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಭೂಮಿಯ ಜೊತೆಗೆ ಅದರಲ್ಲಿರುವ ಕಲ್ಲಿನ ಹಕ್ಕನ್ನೂ ದಾನ ಪಡೆದವನಿಗೆ ಬಿಟ್ಟುಕೊಡುವ ಮಾತು ಈ ‘ಪಾಷಾಣ’. ನಾವು ಅದನ್ನು ಓದಿ, ಅರ್ಥ ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತೇವೆ. ಎಷ್ಟೋ ಸಲ ಆ ಪದವನ್ನು ಕೆತ್ತಿರುವುದೂ ಒಂದು ಪಾಷಾಣದ ಮೇಲೆಯೇ. ಅದು ಯಾವ ಪಾಷಾಣ ಅಂತ ನಮ್ಮಲ್ಲಿ ಎಷ್ಟು ಜನ ನೋಡುತ್ತೇವೆ? ಎತ್ತರ, ಅಗಲ, ಸಾಲುಗಳ ಸಂಖ್ಯೆ, ಲಿಪಿಯ ಕಾಲ ಎಲ್ಲ ಟಿಪ್ಪಣಿ ಪುಸ್ತಕಕ್ಕೆ ಸೇರುತ್ತವೆ. ಕಲ್ಲಿನ ಬಗ್ಗೆ ಮಾತ್ರ ‘ಕಪ್ಪು ಕಲ್ಲು’ ಅಂತ ಎರಡು ಪದ. ನನ್ನ ಹಳೆಯ ಪುಸ್ತಕಗಳಲ್ಲೂ ಅಷ್ಟೇ ಇದೆ, ಬೇರೆಯವರನ್ನು ದೂರಿ ಪ್ರಯೋಜನವಿಲ್ಲ.

ಈ ಅಸಡ್ಡೆ ನನಗೆ ಚುಚ್ಚಿದ್ದು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಊರ ಹೊರಗಿನ ಹುಣಸೆಮರದ ಕೆಳಗೆ ಮೂರು ಹಂತದ ಒಂದು ವೀರಗಲ್ಲು, ಹಂತಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಬರಹ. ಮೊದಲ ಸಲ ಹೋದಾಗ ಹಾವಸೆ ಕಟ್ಟಿತ್ತು, ಆದರೂ ಬೆಳಗಿನ ಓರೆ ಬೆಳಕಿನಲ್ಲಿ ಅಕ್ಷರ ಕಾಣುತ್ತಿತ್ತು. ಫೋಟೊ ತೆಗೆದುಕೊಂಡು ಬಂದೆ. ಮೂರು ವರ್ಷ ಬಿಟ್ಟು ಹೋದಾಗ ಕಲ್ಲು ಹೊಳೆಯುತ್ತಿತ್ತು. ಊರಿನ ಹುಡುಗರು ಅಭಿಮಾನದಿಂದಲೇ ತಂತಿ ಬ್ರಷ್ಷು ಹಾಕಿ ತಿಕ್ಕಿ ತೊಳೆದಿದ್ದರು. ಬುಡದಲ್ಲಿ ಬೂದು ಹಸಿರು ಬಣ್ಣದ ಪುಡಿ ಇನ್ನೂ ಬಿದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಸೋಪಿನಂತೆ ಜಾರಿತು. ಆ ಪುಡಿಯಲ್ಲಿ ಎರಡನೇ ಸಾಲಿನ ಕೊನೆಯ ಅಕ್ಷರಗಳಿದ್ದವು.

ಗ್ರಾನೈಟಿನ ಕಲ್ಲನ್ನು ಹಾಗೆ ತಿಕ್ಕಿದ್ದರೆ ಬಹುಶಃ ಅಷ್ಟು ಹಾನಿ ಆಗುತ್ತಿರಲಿಲ್ಲ. ಇದು ಬಳಪದ ಕಲ್ಲು. ಎರಡೂ ಕಲ್ಲೇ. ವ್ಯತ್ಯಾಸ ಇರುವುದು ಅವುಗಳೊಳಗಿನ ಖನಿಜಗಳಲ್ಲಿ. ಶಾಸನದ ಬೆನ್ನು ಹತ್ತಿದವರಿಗೆ ಖನಿಜಶಾಸ್ತ್ರ ಯಾಕೆ ಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ, ಉಳಿದದ್ದೆಲ್ಲ ಅದರ ವಿವರಣೆ.

ಖನಿಜ ಬೇರೆ, ಶಿಲೆ ಬೇರೆ

ಖನಿ ಎಂದರೆ ಗಣಿ, ಖನಿಜ ಎಂದರೆ ಗಣಿಯಲ್ಲಿ ಹುಟ್ಟಿದ್ದು. ಪದದ ಅರ್ಥ ಇಷ್ಟು ಸರಳ. ವಿಜ್ಞಾನದ ಅರ್ಥ ಸ್ವಲ್ಪ ಬಿಗಿ. ಒಂದು ವಸ್ತುವನ್ನು ಖನಿಜ ಎನ್ನಬೇಕಾದರೆ ಅದು ನಿಸರ್ಗದಲ್ಲಿ ತಾನಾಗಿ ಉಂಟಾಗಿರಬೇಕು, ಘನರೂಪದಲ್ಲಿರಬೇಕು, ಅದರ ರಾಸಾಯನಿಕ ಸಂಯೋಜನೆ ಗೊತ್ತಾದ ಮಿತಿಯೊಳಗಿರಬೇಕು, ಅದರೊಳಗಿನ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಣೆಯಾಗಿರಬೇಕು. ಸಾಮಾನ್ಯವಾಗಿ ಜೀವಿಗಳಿಂದ ಹುಟ್ಟಿದ್ದಾಗಿರಬಾರದು ಎಂದೂ ಸೇರಿಸುತ್ತಾರೆ.

ಈ ಅಳತೆಗೋಲು ಹಿಡಿದು ನೋಡಿದರೆ ಕೆಲವು ತಮಾಷೆಗಳು ಕಾಣುತ್ತವೆ. ಹಿಮಾಲಯದ ಮಂಜುಗಡ್ಡೆ ಖನಿಜ, ಅದು ಕರಗಿ ಹರಿದ ನೀರು ಖನಿಜವಲ್ಲ. ಗಾಜು ಗಟ್ಟಿ ಇದ್ದರೂ ಒಳಗೆ ಪರಮಾಣುಗಳ ಕ್ರಮವಿಲ್ಲ, ಆದ್ದರಿಂದ ಜ್ವಾಲಾಮುಖಿಯೇ ಮಾಡಿಕೊಟ್ಟ ಗಾಜೂ ಈ ಪಟ್ಟಿಗೆ ಬರುವುದಿಲ್ಲ. ಕಲ್ಲಿದ್ದಲನ್ನು ನಾವು ‘ಖನಿಜ ಸಂಪತ್ತು’ ಅಂತ ಶಾಲೆಯಲ್ಲಿ ಓದಿದ್ದೇವೆ. ಶಾಸ್ತ್ರದ ಪ್ರಕಾರ ಅದು ಖನಿಜವಲ್ಲ, ಗಿಡಮರಗಳ ಅವಶೇಷ. ಪಾದರಸ ದ್ರವವಾದರೂ ಹಳೆಯ ಸಂಪ್ರದಾಯದಿಂದ ಪಟ್ಟಿಯಲ್ಲಿ ಉಳಿದುಕೊಂಡಿದೆ. ವ್ಯಾಕರಣದಲ್ಲಿ ಅಪವಾದಗಳು ಇರುವ ಹಾಗೆ ಅಂದುಕೊಳ್ಳಿ. ಈಗ ಅಂತಾರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಮಾನ್ಯ ಮಾಡಿರುವ ಖನಿಜಗಳ ಸಂಖ್ಯೆ 6000ದ ಆಸುಪಾಸು.

ಶಿಲೆ ಅಥವಾ ಕಲ್ಲು ಎಂದರೆ ಒಂದೋ ಹಲವೋ ಖನಿಜಗಳು ಸೇರಿ ಆದದ್ದು. ಅಕ್ಷರಗಳು ಸೇರಿ ಸಾಲು ಆಗುತ್ತದಲ್ಲ, ಹಾಗೆ. ಬೆಂಗಳೂರಿನವರು ಲಾಲ್‌ಬಾಗಿನ ಬಂಡೆಯ ಮೇಲೆ ಬೆಳಗ್ಗೆ ಒಂದು ಸುತ್ತು ಹೋಗಿ ಬಗ್ಗಿ ನೋಡಿ. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ ಶಿಲೆ ಅದು. ಬಿಳಿ ಪಟ್ಟೆ, ಕಪ್ಪು ಪಟ್ಟೆ ಒಂದರ ಪಕ್ಕ ಒಂದು ಹರಿದಿರುತ್ತವೆ. ಬಿಳಿಯ ಭಾಗದಲ್ಲಿ ಗಾಜಿನ ಚೂರಿನಂತೆ ಕಾಣುವುದು ಕ್ವಾರ್ಟ್ಜ್, ನಮ್ಮ ಬೆಣಚುಕಲ್ಲು. ಹಾಲುಬಣ್ಣದ್ದು, ಕೆಲವೆಡೆ ನಸುಗೆಂಪಿನದು, ಚಪ್ಪಟೆ ಮುಖ ತೋರಿಸುವುದು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಬಿಸಿಲಿಗೆ ಮಿಣಮಿಣ ಎನ್ನುವುದು ಅಭ್ರಕ, ಹಳ್ಳಿಗಳಲ್ಲಿ ಕಾಗೆಬಂಗಾರ ಅಂತಾರೆ. ‘ಕಪ್ಪು ಕಲ್ಲು’ ಅಂತ ಬರೆದು ಮುಗಿಸಿದರೆ ಇದರಲ್ಲಿ ಒಂದೂ ದಾಖಲಾಗುವುದಿಲ್ಲ.

ಬಣ್ಣದಿಂದ ರಸಾಯನದ ಕಡೆಗೆ

ಖನಿಜಗಳನ್ನು ವಿಂಗಡಿಸುವ ಕೆಲಸ ಬಹಳ ಹಳೆಯದು. ಬಣ್ಣ, ಹೊಳಪು, ಭಾರ, ಕಾಠಿಣ್ಯ ನೋಡಿ ಗುರುತಿಸುವುದು ಗಣಿಯವರಿಗೆ, ಅಕ್ಕಸಾಲಿಗರಿಗೆ ಎಂದಿನಿಂದಲೂ ಗೊತ್ತು. ಅರ್ಥಶಾಸ್ತ್ರದಲ್ಲಿ ಗಣಿಗಳ ಮೇಲ್ವಿಚಾರಣೆಗೆ ಆಕರಾಧ್ಯಕ್ಷ ಎಂಬ ಅಧಿಕಾರಿಯೇ ಇದ್ದಾನೆ. ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ. ಒಂದೇ ಕ್ವಾರ್ಟ್ಜ್ ಬಿಳಿ, ನೇರಳೆ, ಹೊಗೆಬಣ್ಣ, ಗುಲಾಬಿ ಎಲ್ಲ ಬಣ್ಣದಲ್ಲೂ ಸಿಗುತ್ತದೆ.

ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ 1837ರಲ್ಲಿ ತನ್ನ ಖನಿಜಶಾಸ್ತ್ರದ ಗ್ರಂಥವನ್ನು ತಂದಾಗ ಗಿಡಗಳಿಗೆ ಲಿನ್ನೇಯಸ್ ಮಾಡಿದಂತೆ ಖನಿಜಗಳಿಗೂ ಕುಲ, ಜಾತಿ ಅಂತ ಲ್ಯಾಟಿನ್ ಹೆಸರು ಕೊಟ್ಟಿದ್ದ. 1850ರ ಮೂರನೇ ಆವೃತ್ತಿಯ ಹೊತ್ತಿಗೆ ಅದನ್ನು ತಾನೇ ಕೈಬಿಟ್ಟು ರಾಸಾಯನಿಕ ವರ್ಗೀಕರಣಕ್ಕೆ ಬಂದ. ತನ್ನ ಪುಸ್ತಕದ ತಳಪಾಯವನ್ನೇ ಕಿತ್ತು ಮತ್ತೆ ಕಟ್ಟುವುದು ಸಣ್ಣ ವಿಷಯವಲ್ಲ. ನಮ್ಮ ಕ್ಷೇತ್ರದಲ್ಲಿ ಒಮ್ಮೆ ಓದಿದ ಪಾಠವನ್ನು ತಿದ್ದಿಕೊಳ್ಳಲು ಎಷ್ಟು ಒದ್ದಾಡುತ್ತೇವೆ ಅಂತ ನೆನಪಾದರೆ ಡಾನಾನ ಮೇಲೆ ಗೌರವ ಹೆಚ್ಚುತ್ತದೆ.

ರಾಸಾಯನಿಕ ವರ್ಗೀಕರಣಕ್ಕೆ ದಾರಿ ತೋರಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಖನಿಜದಲ್ಲಿ ಯಾವ ಲೋಹ ಇದೆ ಎನ್ನುವುದಕ್ಕಿಂತ ಆ ಲೋಹ ಯಾವುದರ ಜೊತೆ ಕೂಡಿದೆ ಎನ್ನುವುದು ಮುಖ್ಯ ಎಂಬುದೇ ಇಲ್ಲಿಯ ತಿರುಳು. ನಾವು ಶಾಸನಗಳನ್ನು ದಾನಶಾಸನ, ವೀರಗಲ್ಲು, ಮಾಸ್ತಿಗಲ್ಲು, ನಿಸಿದಿ ಅಂತ ವಿಂಗಡಿಸುವಾಗ ಬರೆಸಿದವನ ಹೆಸರಿಗಿಂತ ಬರಹದ ಬಗೆಯನ್ನು ನೋಡುತ್ತೇವಲ್ಲ, ಇದೂ ಹೆಚ್ಚುಕಡಿಮೆ ಅದೇ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನ ತಾಮ್ರದ ಅದಿರು ಚಾಲ್ಕೊಪೈರೈಟ್. ಅದರಲ್ಲಿ ತಾಮ್ರ ಗಂಧಕದ ಜೊತೆ ಸೇರಿದೆ. ಹಸಿರು ಮ್ಯಾಲಕೈಟಿನಲ್ಲೂ ತಾಮ್ರವೇ ಇದೆ, ಆದರೆ ಅದು ಕಾರ್ಬೊನೇಟ್. ತಾಮ್ರ ಸಮಾನವಾಗಿದ್ದರೂ ಮ್ಯಾಲಕೈಟಿನ ನಡವಳಿಕೆ ಸುಣ್ಣದಕಲ್ಲಿನ ಕ್ಯಾಲ್ಸೈಟಿಗೆ ಹತ್ತಿರ. ಆಮ್ಲ ಬಿದ್ದರೆ ಎರಡೂ ನೊರೆ ಉಕ್ಕಿಸುತ್ತವೆ.

ಹೀಗೆ ಇಂದು ಬಳಕೆಯಲ್ಲಿರುವ ದೊಡ್ಡ ವರ್ಗಗಳು ಬಂದವು. ಚಿನ್ನ, ಗಂಧಕ, ವಜ್ರದಂತೆ ಒಂದೇ ಧಾತು ಇರುವವು ಒಂದು ಗುಂಪು. ಆಮೇಲೆ ಸಲ್ಫೈಡುಗಳು, ಹೆಮಟೈಟಿನಂಥ ಆಕ್ಸೈಡುಗಳು, ಅಡುಗೆ ಉಪ್ಪು ಸೇರುವ ಹ್ಯಾಲೈಡುಗಳು, ಕಾರ್ಬೊನೇಟುಗಳು, ಜಿಪ್ಸಂ ಇರುವ ಸಲ್ಫೇಟುಗಳು, ಫಾಸ್ಫೇಟುಗಳು, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಸಿಲಿಕೇಟುಗಳು. 1941ರಲ್ಲಿ ಜರ್ಮನಿಯ ಹ್ಯೂಗೊ ಸ್ಟ್ರುಂಟ್ಸ್ ರಸಾಯನದ ಜೊತೆಗೆ ಹರಳಿನ ಒಳರಚನೆಯನ್ನೂ ಸೇರಿಸಿ ಪಟ್ಟಿಯನ್ನು ಪರಿಷ್ಕರಿಸಿದ. ಒಳರಚನೆ ಯಾಕೆ ಬೇಕು? ವಜ್ರವೂ ಇಂಗಾಲ, ಪೆನ್ಸಿಲ್ಲಿನ ಗ್ರಾಫೈಟೂ ಇಂಗಾಲ. ಬರೀ ರಸಾಯನ ನೋಡಿದರೆ ಎರಡೂ ಒಂದೇ ಆಗಿಬಿಡುತ್ತವೆ.

ಚಿನ್ನದ ಮಾತು ಬಂದಿತು, ಒಂದು ಹಳೆಯ ಕಥೆ ನೆನಪಾಗುತ್ತದೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಅಂತ ಖಚಿತಪಡಿಸಿದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹಟ್ಟಿ ಮತ್ತು ಮಸ್ಕಿಯ ಸುತ್ತಿನದು ಚಿನ್ನದ ಸೀಮೆ, ಬೆಣಚುಕಲ್ಲಿನ ಎಳೆಗಳಲ್ಲಿ ಅಲ್ಲಿ ಚಿನ್ನ ಸಿಗುತ್ತದೆ. ಖನಿಜ ಹುಡುಕುವವರ ಕಣ್ಣಿಗೆ ಶಾಸನ ಬಿದ್ದಿದೆ. ಶಾಸನ ಹುಡುಕುವ ನಮ್ಮ ಕಣ್ಣಿಗೆ ಖನಿಜ ಬೀಳುವುದಿಲ್ಲ, ಅಷ್ಟೇ.

ಓಲೆಗರಿ ಕಟ್ಟಿನಂಥ ಕಲ್ಲು

ಭೂಮಿಯ ಮೇಲ್ಪದರದ ಶೇಕಡ 90ಕ್ಕೂ ಹೆಚ್ಚು ಭಾಗ ಸಿಲಿಕೇಟುಗಳೇ. ನಮ್ಮ ಬಹುಪಾಲು ಶಾಸನಗಳು ಇರುವುದೂ ಸಿಲಿಕೇಟುಗಳ ಮೇಲೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಎಲ್ಲ ಸಿಲಿಕೇಟುಗಳ ಇಟ್ಟಿಗೆ ಒಂದೇ. ನಡುವೆ ಒಂದು ಸಿಲಿಕಾನ್ ಪರಮಾಣು, ಅದರ ಸುತ್ತ ನಾಲ್ಕು ಮೂಲೆಯಲ್ಲಿ ನಾಲ್ಕು ಆಮ್ಲಜನಕ. ಈ ಇಟ್ಟಿಗೆಗಳು ಹೇಗೆ ಜೋಡಣೆಯಾಗುತ್ತವೆ ಎನ್ನುವುದರ ಮೇಲೆ ಖನಿಜದ ಹಣೆಬರಹ. ತೋಟದ ಒಂಟಿಮನೆಗಳ ಹಾಗೆ ಒಂದಕ್ಕೊಂದು ತಾಗದೆ ನಿಂತರೆ ಗಾರ್ನೆಟ್‌ನಂಥವು ಆಗುತ್ತವೆ. ಬೀದಿಯ ಒಂದು ಸಾಲಿನಂತೆ ಕೈಹಿಡಿದರೆ ಪೈರಾಕ್ಸೀನ್, ಎರಡು ಸಾಲು ಜೋಡಿಯಾದರೆ ಹಾರ್ನ್‌ಬ್ಲೆಂಡ್. ನಾಲ್ಕು ಮೂಲೆಗಳನ್ನೂ ಅಕ್ಕಪಕ್ಕದವುಗಳ ಜೊತೆ ಹಂಚಿಕೊಂಡು ಎಲ್ಲ ದಿಕ್ಕಿಗೂ ಹೆಣೆದುಕೊಂಡರೆ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್.

ಉಳಿದದ್ದು ಹಾಳೆಗಳ ಗುಂಪು. ಇಲ್ಲಿ ಇಟ್ಟಿಗೆಗಳು ಮೂರು ಮೂಲೆ ಹಂಚಿಕೊಂಡು ಹಾಳೆಯಂತೆ ಹರಡುತ್ತವೆ, ಹಾಳೆಯ ಮೇಲೆ ಹಾಳೆ ಕೂರುತ್ತದೆ. ಓಲೆಗರಿ ಕಟ್ಟನ್ನು ನೆನಪಿಸಿಕೊಳ್ಳಿ. ಅಭ್ರಕದಲ್ಲಿ ಈ ಗರಿಗಳನ್ನು ಪೊಟ್ಯಾಸಿಯಂ ಎಂಬ ದಾರ ಕಟ್ಟಿಹಾಕಿದೆ. ಉಗುರು ಹಾಕಿದರೆ ಗರಿ ಏಳುತ್ತದೆ, ಆದರೂ ಕಟ್ಟು ಒಟ್ಟಾಗಿಯೇ ಇರುತ್ತದೆ. ಟ್ಯಾಲ್ಕ್‌ನಲ್ಲಿ ಆ ದಾರವೇ ಇಲ್ಲ. ಗರಿಗಳು ಒಂದರ ಮೇಲೊಂದು ಸುಮ್ಮನೆ ಕೂತಿವೆ, ಸ್ವಲ್ಪ ತಳ್ಳಿದರೂ ಜಾರುತ್ತವೆ. ಮುಟ್ಟಿದರೆ ಸೋಪಿನಂತೆ ಅನಿಸುವುದು ಅದಕ್ಕೇ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರೂ ಇದೇ ಖನಿಜ. ಕ್ಲೋರೈಟಿನಲ್ಲಿ ಗರಿಗಳ ನಡುವೆ ಇನ್ನೊಂದು ಬೇರೆ ಪದರ ಸೇರಿಕೊಂಡಿರುತ್ತದೆ, ಹಾಗಾಗಿ ಅದು ಟ್ಯಾಲ್ಕ್‌ಗಿಂತ ಸ್ವಲ್ಪ ಗಟ್ಟಿ. ಹೆಸರು ನೋಡಿ ಕ್ಲೋರೈಟಿನಲ್ಲಿ ಕ್ಲೋರಿನ್ ಹುಡುಕಬೇಡಿ. ಗ್ರೀಕಿನಲ್ಲಿ ಹಸಿರು ಎಂಬರ್ಥದ ಪದದಿಂದ ಬಂದ ಹೆಸರದು.

ಬೇಲೂರು, ಹಳೇಬೀಡಿನ ಹಸಿರು ಬೂದು ಕಲ್ಲಿನಲ್ಲಿ ಇರುವುದು ಬಹುಪಾಲು ಈ ಹಾಳೆ ಜಾತಿಯ ಖನಿಜಗಳೇ. ಬಳಪದ ಕಲ್ಲು ಎಂಬ ಕನ್ನಡದ ಹೆಸರೇ ಅದರ ಗುಣ ಹೇಳುತ್ತದೆ. ಬರೆಯಲು ಬಳಪವಾಗುವಷ್ಟು ಮೆತ್ತಗಿನ ಕಲ್ಲಿನ ಮೇಲೆ ರಾಜರು ಬರೆಸಿದರು.

ಮೆದು ಎಷ್ಟು, ಗಟ್ಟಿ ಎಷ್ಟು ಎಂದು ಅಳೆಯಲು 1812ರಲ್ಲಿ ಫ್ರೆಡ್ರಿಕ್ ಮೋಹ್ಸ್ ಒಂದು ಏಣಿ ಹಾಕಿಕೊಟ್ಟ. ಟ್ಯಾಲ್ಕ್ 1, ಜಿಪ್ಸಂ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಆರ್ಥೊಕ್ಲೇಸ್ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7, ಟೋಪಾಜ್ 8, ಕೊರಂಡಮ್ 9, ವಜ್ರ 10. ಮೇಲಿನದು ಕೆಳಗಿನದನ್ನು ಗೀರುತ್ತದೆ. ನಮ್ಮ ಉಗುರು ಸುಮಾರು 2.5, ಉಕ್ಕಿನ ಚಾಕು 5.5ರ ಹತ್ತಿರ. ಈಗ ಆ ಹಳ್ಳಿಯ ಲೆಕ್ಕ ಹಾಕಿ. ಬಳಪದ ಕಲ್ಲಿನ ಟ್ಯಾಲ್ಕ್ 1, ಕ್ಲೋರೈಟ್ 2ರಿಂದ 2.5, ಅದರ ಮೇಲೆ ಉಕ್ಕಿನ ತಂತಿ. ಶಾಸನ ಉಳಿಯುವುದಾದರೂ ಹೇಗೆ?

ಈ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಆಮೇಲೆ ಗಾಳಿಗೆ ಕಬ್ಬಿಣದಂತಾಗುತ್ತದೆ ಅಂತ ಗೈಡುಗಳು ಹೇಳುವುದನ್ನು ನೀವೂ ಕೇಳಿರುತ್ತೀರಿ. ಒಳಗಿನ ನೀರಿನಂಶ ಆರಿ ಮೇಲ್ಮೈ ಸ್ವಲ್ಪ ಬಿಗಿಯಾಗಬಹುದು. ಆದರೆ ಟ್ಯಾಲ್ಕ್ ಒಂಬೈನೂರು ವರ್ಷ ಬಿಸಿಲಿಗೆ ನಿಂತರೂ ಟ್ಯಾಲ್ಕೇ. ಆ ಮಾತನ್ನು ನಂಬಿ ತಂತಿ ಬ್ರಷ್ಷು ಹಿಡಿಯಬೇಡಿ.

ಹೊಯ್ಸಳರ ಕಾಲದ ಶಾಸನಗಳ ದುಂಡನೆಯ, ಒತ್ತೊತ್ತಾದ ಅಕ್ಷರಗಳಿಗೆ ಲಿಪಿಕಾರರ ಕೈಚಳಕವೇ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೈಚಳಕಕ್ಕೆ ಎಡೆಕೊಟ್ಟದ್ದು ಕಲ್ಲಿನ ಸಣ್ಣ ಕಣ ಅಂತ ನನ್ನ ಅಭಿಪ್ರಾಯ. ದಪ್ಪ ಗ್ರಾನೈಟಿನಲ್ಲಿ ಒಂದೊಂದು ಹರಳೇ ಕೆಲವು ಮಿಲಿಮೀಟರ್ ಇರುತ್ತದೆ. ಉಳಿ ಒಂದು ಏಟಿಗೆ ಗಟ್ಟಿ ಕ್ವಾರ್ಟ್ಜಿಗೆ, ಇನ್ನೊಂದು ಏಟಿಗೆ ಸೀಳುವ ಅಭ್ರಕಕ್ಕೆ ತಾಗುತ್ತದೆ. ಅಲ್ಲಿ ಎಳೆ ಎಳೆಯಾಗಿ ಸುಳಿ ತಿರುಗಿಸುವುದು ಕಷ್ಟ.

ಬೇರೆ ಕಲ್ಲುಗಳು, ಬೇರೆ ರೋಗಗಳು

ಶ್ರವಣಬೆಳಗೊಳದ ಚಂದ್ರಗಿರಿಯ ಹಾಸುಬಂಡೆ ಗ್ರಾನೈಟ್. ಅಲ್ಲಿ ಕ್ವಾರ್ಟ್ಜ್ ಏನೂ ಆಗದಂತೆ ಕೂತಿರುತ್ತದೆ, ಸೋಲುವುದು ಫೆಲ್ಡ್‌ಸ್ಪಾರ್. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಅದನ್ನು ಜೇಡಿಯಾಗಿ ಮಾರ್ಪಡಿಸುತ್ತದೆ. ಜೇಡಿ ತೊಳೆದುಹೋದಾಗ ಪಕ್ಕದ ಹರಳು ಉದುರುತ್ತದೆ, ಅಕ್ಷರದ ಅಂಚು ಒರಟಾಗುತ್ತದೆ. ಫೋಟೊದಲ್ಲಿ ಕಾಣುವ ಒಂದು ಚುಕ್ಕಿ ಅನುಸ್ವಾರವೋ ಬಿದ್ದುಹೋದ ಹರಳಿನ ಗುಳಿಯೋ ಅಂತ ಜಗಳ ಬರುವುದು ಇಲ್ಲೇ. ಗುಳಿಯ ಅಂಚು ಚೂಪಾಗಿ, ಚಪ್ಪಟೆ ಮುಖಗಳಿಂದ ಕೂಡಿದ್ದರೆ ಹರಳು ಎದ್ದುಹೋದ ಜಾಗ ಅಂತ ಅನುಮಾನಿಸಬೇಕು.

ಗ್ರಾನೈಟಿಗೆ ಬೆಂಕಿಯೂ ಶತ್ರು. ಶಾಸನದ ಸುತ್ತಲ ಹುಲ್ಲು ಮುಳ್ಳಿಗೆ ಬೆಂಕಿ ಇಟ್ಟು ಜಾಗ ಹಸನು ಮಾಡುವ ಪದ್ಧತಿ ಇದೆ. ಒಂದೊಂದು ಖನಿಜ ಒಂದೊಂದು ಪ್ರಮಾಣದಲ್ಲಿ ಹಿಗ್ಗುವುದರಿಂದ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದರಂತೂ ಕ್ವಾರ್ಟ್ಜಿನ ಒಳರಚನೆಯೇ ಬದಲಾಗಿ ಅದು ಏಕಾಏಕಿ ಉಬ್ಬುತ್ತದೆ. ಬೆಂಕಿ ಹಾಕಿ ಬಂಡೆ ಸೀಳುವ ಹಳೆಯ ಗಣಿಗಾರಿಕೆಯ ಉಪಾಯವೂ ಕಲ್ಲಿನ ಈ ಹಿಗ್ಗುವಿಕೆಯನ್ನೇ ನಂಬಿತ್ತು.

ಬಾದಾಮಿಯ ಮರಳುಗಲ್ಲಿನದು ಬೇರೆಯೇ ಸಂಗತಿ. ಮಂಗಳೇಶನ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯ ಕಲ್ಲು ನೋಡಿ. ಕಣಗಳು ಬಹುಪಾಲು ಕ್ವಾರ್ಟ್ಜ್, ಗಟ್ಟಿತನ 7. ಹಾಗಿದ್ದರೆ ಮರಳುಗಲ್ಲು ಉದುರುವುದೇಕೆ? ಕಣ ಗಟ್ಟಿ, ಕಣಗಳನ್ನು ಹಿಡಿದಿರುವ ಅಂಟು ಎಲ್ಲ ಕಡೆ ಅಷ್ಟು ಗಟ್ಟಿಯಲ್ಲ. ಕೆಂಪು ಬಣ್ಣ ಕೊಡುವುದು ಕಣದ ಸುತ್ತಲಿನ ಕಬ್ಬಿಣದ ಆಕ್ಸೈಡ್. ನೀರು ಒಸರುವ ಜಾಗದಲ್ಲಿ ಅಂಟು ಸಡಿಲವಾಗಿ ಕಣಗಳು ಹಾಗೆ ಹಾಗೇ ಕಳಚಿಕೊಳ್ಳುತ್ತವೆ. ಶಾಸನದ ಕಲ್ಲನ್ನು ಸಿಮೆಂಟ್ ಕಟ್ಟೆಯಲ್ಲಿ ಹೂತು ನಿಲ್ಲಿಸುವುದು ಇಂಥ ರಂಧ್ರವಿರುವ ಕಲ್ಲಿಗೆ ಬಹಳ ಕೆಟ್ಟದ್ದು. ಸಿಮೆಂಟಿನ ಸಲ್ಫೇಟ್ ಲವಣಗಳು ತೇವದ ಜೊತೆ ಕಲ್ಲಿನೊಳಗೆ ಏರುತ್ತವೆ, ಒಣಗುವಾಗ ಹರಳುಗಟ್ಟಿ ಒಳಗಿನಿಂದ ಒತ್ತುತ್ತವೆ. ಕಟ್ಟೆಗಿಂತ ಒಂದು ಗೇಣು ಮೇಲೆ ಬಿಳಿ ಬೂಷ್ಟಿನಂತೆ ಕಂಡರೆ ಅದು ಬೂಷ್ಟಲ್ಲ, ಅದೂ ಒಂದು ಖನಿಜವೇ.

ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರಿನೊಂದಿಗೆ ಅಶೋಕನ ಉಬ್ಬುಶಿಲ್ಪ ಸಿಕ್ಕಿದ್ದು ಸುಣ್ಣಕಲ್ಲಿನ ಮೇಲೆ. ಅಂದರೆ ಮುಖ್ಯವಾಗಿ ಕ್ಯಾಲ್ಸೈಟ್, ಕಾರ್ಬೊನೇಟುಗಳ ವರ್ಗ. ಸುಣ್ಣಕಲ್ಲಿಗೆ ಆಮ್ಲ ವಿಷ. ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಕ್ಯಾಲ್ಸೈಟ್ ಕಣ್ಣೆದುರೇ ಕರಗುತ್ತದೆ, ನಿಂಬೆರಸಕ್ಕೂ ನೊರೆ ಬರುತ್ತದೆ. ಹಬ್ಬಕ್ಕೆ ಬಳಿದ ಸುಣ್ಣ ತೆಗೆಯಲು ಆಸಿಡ್ ಹಾಕುವವರು ಇಲ್ಲಿಯೇ ಎಡವುತ್ತಾರೆ. ಒಣಗಿದ ಸುಣ್ಣವೂ ಕ್ಯಾಲ್ಸೈಟ್, ಸುಣ್ಣಕಲ್ಲೂ ಕ್ಯಾಲ್ಸೈಟ್. ಬಳಿದದ್ದು ಯಾವುದು, ಕೆತ್ತಿದ್ದು ಯಾವುದು ಅಂತ ಆಸಿಡ್‌ಗೆ ಗೊತ್ತಾಗುವುದಿಲ್ಲ. ಬಳಪದ ಕಲ್ಲಿನ ಕ್ಲೋರೈಟನ್ನೂ ಬಲವಾದ ಆಮ್ಲ ತಿನ್ನುತ್ತದೆ.

ಕರಾವಳಿಯ ಮುರಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು, ಹೈಡ್ರಾಕ್ಸೈಡುಗಳಿವೆ. ಗೋಡೆಗೆ ಸೊಗಸು, ಅಕ್ಷರಕ್ಕೆ ಆಗದು. ತುಂಬ ತೂತು.

ತಾಮ್ರಪಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಪಟ ಮನುಷ್ಯ ಮಾಡಿದ್ದು, ಆದ್ದರಿಂದ ಅದು ಖನಿಜವಲ್ಲ. ಆದರೆ ಮಣ್ಣಿನಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಪಟದ ಮೇಲೆ ಕೆಂಪು ಕ್ಯುಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್ ಬೆಳೆದಿರುತ್ತವೆ. ಗಣಿಯಲ್ಲಿ ಸಿಗುವ ಅದೇ ಸಂಯುಕ್ತಗಳು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಪಟ ಹೊಸ ಚೊಂಬಿನಂತೆ ಥಳಥಳ ಎನ್ನುತ್ತದೆ. ಆದರೆ ಲೋಹ ಬಹಳ ಸವೆದಿದ್ದ ಕಡೆ ಅಕ್ಷರದ ಮೂಲ ಮೇಲ್ಮೈ ಉಳಿದಿರುವುದು ಆ ಕ್ಯುಪ್ರೈಟಿನ ಪದರದಲ್ಲೇ. ಹುಣಸೆಹುಳಿ ಅದನ್ನೂ ತೆಗೆದುಕೊಂಡು ಹೋಗುತ್ತದೆ.

ಟಿಪ್ಪಣಿ ಪುಸ್ತಕಕ್ಕೆ

ಇದೆಲ್ಲ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಂದು ಭೂತಗನ್ನಡಿ ಸಾಕು. ಕಣ ಕಣ್ಣಿಗೆ ಕಾಣುತ್ತದೆಯೇ, ಎಷ್ಟು ದಪ್ಪ, ಹರಳುಗಳು ಹೆಣೆದುಕೊಂಡಿವೆಯೇ ಅಥವಾ ಮರಳಿನಂತೆ ಅಂಟಿಕೊಂಡಿವೆಯೇ, ಹಾಳೆ ಹಾಳೆಯಾಗಿ ಏಳುವ ಲಕ್ಷಣವಿದೆಯೇ, ಮುಟ್ಟಿದರೆ ಜಾರುತ್ತದೆಯೇ. ಇಷ್ಟನ್ನು ಬರೆದುಕೊಳ್ಳಿ. ಗೀರುವ ಪರೀಕ್ಷೆ, ನಿಂಬೆರಸದ ಪರೀಕ್ಷೆ ಎರಡನ್ನೂ ಶಾಸನದ ಕಲ್ಲಿನ ಮೇಲೆ ಮಾಡಲೇಬಾರದು, ಹಿಂಬದಿಯಲ್ಲೂ ಬೇಡ. ಅದೇ ಜಾತಿಯ ಕಲ್ಲು ಊರಿನ ಸುತ್ತ ರಸ್ತೆ ಬದಿಯಲ್ಲಿ ಬಿದ್ದಿದ್ದರೆ ಅದರ ಚೂರಿನ ಮೇಲೆ ಮಾಡಿ. ಸಂರಕ್ಷಿತ ಸ್ಮಾರಕದ ಆವರಣದಿಂದ ಚೂರು ಎತ್ತಿಕೊಂಡು ಬರಬೇಡಿ. ಪಡಿಯಚ್ಚು ತೆಗೆಯುವ ಮುನ್ನ ಕಲ್ಲು ತೊಳೆಯಬೇಕಾದರೆ ಬರೀ ನೀರು, ಮೆತ್ತನೆಯ ನಾರಿನ ಬ್ರಷ್ಷು. ಬಳಪದ ಕಲ್ಲಾದರೆ ಅದನ್ನೂ ಒತ್ತದೆ ಆಡಿಸಬೇಕು. ಪದರ ಏಳುತ್ತಿರುವ ಕಲ್ಲಾದರೆ ತೊಳೆಯುವುದೇ ಬೇಡ, ಓರೆ ಬೆಳಕಿನ ಫೋಟೊ ಸಾಕು.

ಆ ವೀರಗಲ್ಲಿನ ಎರಡನೇ ಸಾಲಿನ ಕೊನೆ ಈಗ ಉಳಿದಿರುವುದು ನಾನು ಮೊದಲ ಸಲ ತೆಗೆದ ಫೋಟೊದಲ್ಲಿ ಮಾತ್ರ. ಬೆಳಕು ಎಡಗಡೆಯಿಂದ ಬಿದ್ದಿದೆ. ವೀರನ ಹೆಸರಿನ ಕೊನೆಯ ಅಕ್ಷರ ‘ಗ’ ಇರಬಹುದು, ‘ಗೆ’ಯೂ ಇರಬಹುದು, ಅದರ ಮೇಲೆ ಹಾವಸೆ ಕೂತಿದೆ. ಆ ದಿನದ ಪುಟದಲ್ಲಿ ಕಲ್ಲಿನ ಬಗ್ಗೆ ನಾನು ಬರೆದುಕೊಂಡಿರುವುದು ‘ಕಪ್ಪು ಕಲ್ಲು’ ಅಂತ.